ಬಾಲನ್ಯಾಯ ಮಂಡಳಿ ಸೇವೆ: ಹಾಸಿಗೆ ಸಾಲದೋ, ವರದಿ ತಡವೋ?

ಅಪರಾಧದ ಆರೋಪ ಹೊತ್ತ ಮಕ್ಕಳನ್ನು ಇರಿಸುವ ವೀಕ್ಷಣಾಲಯ ತುಂಬಿದೆ ಎಂದ ಕೂಡಲೇ ಇನ್ನೊಂದು ಕಟ್ಟಡದ ಮಾತು ಏಳುತ್ತದೆ. ಅಳತೆಯನ್ನು 2016ರ ಬಾಲನ್ಯಾಯ ಮಾದರಿ ನಿಯಮಗಳೇ ಕೊಟ್ಟಿವೆ: 50 ಮಕ್ಕಳ ಗೃಹಕ್ಕೆ ತಲಾ 1000 ಚದರಡಿಯ ಎರಡು ಮಲಗುವ ಕೋಣೆ, ಅಂದರೆ ತಲೆಗೆ 40 ಚದರಡಿ. ಅಲ್ಲಿ 70 ಮಕ್ಕಳನ್ನು ಮಲಗಿಸಿದರೆ 28 ಚದರಡಿ ಚಿಲ್ಲರೆ. ಚಾಪೆಗೆ ಚಾಪೆ ತಾಗುತ್ತದೆ. ಆದರೆ ವೀಕ್ಷಣಾಲಯ ಶಿಕ್ಷೆಯ ಜಾಗವಲ್ಲ, ವಿಚಾರಣೆ ಮುಗಿಯುವವರೆಗಿನ ತಂಗುದಾಣ. ಒಬ್ಬ ಹುಡುಗ 60 ದಿನದ ಬದಲು 20 ದಿನ ಇದ್ದರೆ ಅದೇ ಹಾಸಿಗೆ ಮೂವರಿಗೆ ಆಗುತ್ತದೆ. ನಲ್ಲಿ ತಿರುಗಿಸದೆ ಬಕೆಟ್ ಹೆಚ್ಚಿಸಿಕೊಂಡು ಕೂತರೇನು ಬಂತು?

ದಿನಗಳು ಸಿಕ್ಕಿಕೊಳ್ಳುವ ಮೊದಲ ಜಾಗ ಜಾಮೀನು. 2015ರ ಬಾಲನ್ಯಾಯ ಕಾಯ್ದೆಯ 12ನೇ ಕಲಂ ಉದಾರವಾಗಿದೆ: ಶೂರಿಟಿ ಇಲ್ಲದೆಯೂ ಬಿಡಬಹುದು, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ನಿಗಾದಲ್ಲೂ ಬಿಡಬಹುದು. ಕೂಲಿಯವರ ಮನೆಗೆ ಪಹಣಿ ಇರುವ ಶೂರಿಟಿ ತನ್ನಿ ಎಂದರೆ ಜಾಮೀನು ಆದೇಶ ಫೈಲಿನಲ್ಲಿ, ಹುಡುಗ ಒಳಗೆ. ಏಳು ದಿನದಲ್ಲಿ ಷರತ್ತು ಪೂರೈಸಲಾಗದಿದ್ದರೆ ಷರತ್ತು ಬದಲಿಸಲು, ಇಂಥ ಮಕ್ಕಳ ಪ್ರಕರಣ ಕೇಳುವ ಬಾಲನ್ಯಾಯ ಮಂಡಳಿಯ ಮುಂದೆ ಮತ್ತೆ ಹಾಜರುಪಡಿಸಲೇಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ಎಂಟನೇ ದಿನ ಇದನ್ನು ನೆನಪಿಸಿ. ಆ ವಕೀಲರಿಗೆ ಮನೆಯವರು ಫೀಸು ಕೊಡಬೇಕಿಲ್ಲ.

ಎರಡನೆಯದು, ಇಡೀ ಸೇವೆಯ ಗುಣಮಟ್ಟ ನಿಂತಿರುವುದೇ ಇದರ ಮೇಲೆ, ಹುಡುಗನ ಮನೆ-ಪರಿಸರದ ಬಗ್ಗೆ ಪರಿವೀಕ್ಷಣಾಧಿಕಾರಿ ಕೊಡುವ ಸಾಮಾಜಿಕ ತನಿಖಾ ವರದಿ. ಎರಡು ವಾರದ ಗಡುವು. 'ತಂದೆ ಕುಡುಕ, ತಾಯಿ ಕೂಲಿ, ಕೆಟ್ಟ ಸಹವಾಸ' ಎಂದು ಮೂರು ಸಾಲು ಗೀಚಿದ ವರದಿಯಲ್ಲಿ ಹೆಸರು ಬದಲಿಸಿದರೆ ಪಕ್ಕದ ಹುಡುಗನಿಗೂ ಹೊಂದುತ್ತದೆ. ಉಪಯೋಗಕ್ಕೆ ಬರುವ ವರದಿ ಬೇರೆ: ಶಾಲೆ ಬಿಟ್ಟಿದ್ದು ಯಾವ ತರಗತಿಯಲ್ಲಿ, ಹೆಡ್‌ಮಾಸ್ಟರು ಮತ್ತೆ ಸೇರಿಸಿಕೊಳ್ಳುತ್ತಾರೆಯೇ, ಸಂಜೆ ಆರರಿಂದ ಹತ್ತರವರೆಗೆ ಮನೆಯಲ್ಲಿ ಯಾರಿರುತ್ತಾರೆ, ಸೊಲ್ಯೂಷನ್ ಮೂಸುವ ಚಟವಿದೆಯೇ, ಅಜ್ಜಿಯೋ ಸೋದರಮಾವನೋ ಇಟ್ಟುಕೊಳ್ಳಲು ಒಪ್ಪಿದ್ದಾರೆಯೇ. ಇಷ್ಟಿದ್ದರೆ ಮಂಡಳಿ ಮನೆಗೆ ಕಳಿಸುವ ಧೈರ್ಯ ಮಾಡುತ್ತದೆ. ಇಲ್ಲದಿದ್ದರೆ ಮುಂದಿನ ದಿನಾಂಕ.

ಕೊನೆಯದು ಆದೇಶ. 18ನೇ ಕಲಂನಲ್ಲಿ ಬುದ್ಧಿ ಹೇಳಿ ಕಳಿಸುವುದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ಪೋಷಕರ ಸುಪರ್ದಿಯಲ್ಲಿ ಮೂರು ವರ್ಷದವರೆಗೆ ಪರಿವೀಕ್ಷಣೆ ಇವೆಲ್ಲ ಇವೆ. ತಪ್ಪು ಸಾಬೀತಾದವರನ್ನು ಇರಿಸುವ ವಿಶೇಷ ಗೃಹ ಪಟ್ಟಿಯ ತುದಿಯಲ್ಲಿದೆ. ಸಮುದಾಯ ಸೇವೆ 14 ದಾಟಿದವರಿಗೆ: ಪಾರ್ಕು ನೋಡಿಕೊಳ್ಳುವುದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು, ಸಂಚಾರ ಸ್ವಯಂಸೇವೆ. ಹೇಳಿದಷ್ಟು ಸುಲಭವಲ್ಲ. 'ಒಂದು ತಿಂಗಳು ಸಮುದಾಯ ಸೇವೆ ಮಾಡತಕ್ಕದ್ದು' ಎಂಬ ಒಂದೇ ಸಾಲಿನ ಆದೇಶ ಮೂರನೇ ದಿನಕ್ಕೇ ಸೋರಿಹೋಗುತ್ತದೆ. ಜಾಗ, ವಾರ, ಗಂಟೆ, ಸಹಿ ಹಾಕುವವರು ಯಾರು, ಬಸ್ ಚಾರ್ಜು ಎಲ್ಲಿಂದ, ಶಾಲೆಯ ಸಮಯಕ್ಕೆ ಅಡ್ಡ ಬರುತ್ತದೆಯೇ, ಒಂದು ದಿನ ತಪ್ಪಿದರೆ ಏನು, ಎಲ್ಲವೂ ಆದೇಶದಲ್ಲೇ ಇರಲಿ. ಹಾಜರಿ ಚೀಟಿಯಲ್ಲಿ ಅಪರಾಧದ ಸುದ್ದಿ ಬೇಡವೇ ಬೇಡ. ಆಸ್ಪತ್ರೆ ವಾರ್ಡಿನ ಸಿಬ್ಬಂದಿ 'ಏನ್ ಮಾಡ್ದೆ ನೀನು?' ಎಂದು ಕೆದಕಿದ ದಿನವೇ ಹುಡುಗ ಬರುವುದು ನಿಲ್ಲಿಸುತ್ತಾನೆ. ಅವನ ಊರಿನ ಬಸ್‌ಸ್ಟ್ಯಾಂಡಿನಲ್ಲೇ ಕಸ ಗುಡಿಸಲು ಹಚ್ಚಿದರೆ ಅದು ಸೇವೆಯಲ್ಲ, ಮೆರವಣಿಗೆ.

ಕಾಗದದ ಮೇಲಿನ ಸೇವೆಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಪರಿವೀಕ್ಷಣಾಧಿಕಾರಿಯ ಹುದ್ದೆ ಖಾಲಿ ಇದ್ದಲ್ಲಿ ಎರಡೇ. ಘೋರ ಆರೋಪ ಹೊತ್ತ 16 ದಾಟಿದವರ ವಿಷಯ ಬೇರೆ; ಅವರಿಗೆ ಬೀಗವಿರುವ ಸುರಕ್ಷಿತ ಸ್ಥಳ ಬೇಕಾಗಬಹುದು, ಅಲ್ಲಿ ಕಟ್ಟಡದ ವಾದಕ್ಕೆ ತೂಕವಿದೆ. ಉಳಿದವರಿಗೆ ಮೊದಲು ಗೃಹದ ರಿಜಿಸ್ಟರ್ ತೆರೆಯಿರಿ. ಮಂಡಳಿ ತಿಂಗಳಿಗೊಮ್ಮೆಯಾದರೂ ಗೃಹಕ್ಕೆ ಭೇಟಿ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ದಿನ ಅಡುಗೆಮನೆ, ಕಕ್ಕಸು ನೋಡಿದ ಮೇಲೆ ಎರಡು ಕಾಲಂ ಓದಿಸಿದರೆ ಸಾಕು: ಜಾಮೀನಾಗಿ ಏಳು ದಿನ ಕಳೆದರೂ ಒಳಗಿರುವವರು ಎಷ್ಟು, ಎರಡು ವಾರ ಕಳೆದರೂ ವರದಿ ಬಾರದವರು ಎಷ್ಟು.