ದಿನಕ್ಕೆ 500 ಪೌಂಡ್ ಎಂದರು, ಯಾವ 500 ಎಂದು ಹೇಳಲಿಲ್ಲ

ಐಎಲ್‌ಆರ್ (ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ಅನುಮತಿ) ಕೈಗೆ ಬಂದ ಮೇಲೆ ಕಂಪನಿಯ ನೌಕರಿ ಬಿಟ್ಟು ಕಾಂಟ್ರ್ಯಾಕ್ಟ್ ಕೆಲಸಕ್ಕೆ ಇಳಿಯೋಣವೆಂದು ಲೆಕ್ಕ ಹಾಕುತ್ತಿರುವ ಬ್ರಿಟನ್ನಿನ ಕನ್ನಡಿಗರು ಇದನ್ನು ದಯವಿಟ್ಟು ಓದಿ. ಏಜೆನ್ಸಿಯವನು ಫೋನಿನಲ್ಲಿ ಹೇಳುವ ದಿನದ ದರ ನಿಮ್ಮ ಸಂಬಳವಲ್ಲ. ಇನ್ನೊಮ್ಮೆ ಹೇಳುತ್ತೇನೆ, ಅದು ನಿಮ್ಮ ಸಂಬಳವಲ್ಲ. ಇಷ್ಟು ನೇರವಾಗಿ ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾದವನು ಬೇಕೆಂದೇ ಹೇಳಲಿಲ್ಲ.

ಕಾಂಟ್ರ್ಯಾಕ್ಟ್ ನನಗೆ ಹೊಸದಾಗಿರಲಿಲ್ಲ. ಈ ಕೆಲಸಕ್ಕೂ ಮುಂಚೆ ಒಂದು ಚಿಕ್ಕ ಸಂಸ್ಥೆಗೆ ನನ್ನದೇ ಲಿಮಿಟೆಡ್ ಕಂಪನಿಯ ಮೂಲಕ ಕೆಲಸ ಮಾಡಿದ್ದೆ. ಚಿಕ್ಕ ಸಂಸ್ಥೆಗಳಿಗೆ 2021ರ ಏಪ್ರಿಲ್‌ನ ಬದಲಾವಣೆ ತಟ್ಟಿಲ್ಲ, ಐಆರ್35 (ಕಾಂಟ್ರ್ಯಾಕ್ಟ್ ಮಾಡುವವನಿಗೆ ನೌಕರನಂತೆಯೇ ತೆರಿಗೆ ಹಾಕುವ ನಿಯಮ) ಒಳಗೋ ಹೊರಗೋ ಎಂಬುದನ್ನು ಅಲ್ಲಿ ನಮ್ಮ ಕಂಪನಿಯೇ ತೀರ್ಮಾನಿಸಬೇಕು. ಈ ಸಲ ಕ್ಲೈಂಟ್ ದೊಡ್ಡ ವಿಮಾ ಕಂಪನಿ, ತೀರ್ಮಾನ ಅವರದು. ಆದ್ದರಿಂದಲೇ ಮೊದಲ ಕರೆಯಲ್ಲೇ ಏಜೆನ್ಸಿಯವನನ್ನು ಕೇಳಿದೆ: "ಇದು ಔಟ್‌ಸೈಡೋ ಇನ್‌ಸೈಡೋ?" "ಔಟ್‌ಸೈಡ್ ಎಂದೇ ನಮಗೆ ತಿಳಿಸಿದ್ದಾರೆ ಗೆಳೆಯಾ" ಎಂದ. ಮಾತಿಗೊಮ್ಮೆ ಗೆಳೆಯಾ. ಈಗ ಆ ಪದ ಕೇಳಿದರೆ ಮೈ ಉರಿಯುತ್ತದೆ.

ಚೌಕಾಸಿ ನಡೆಯಿತು. ಅವನು 450 ಎಂದ, ನಾನು 550 ಎಂದೆ. ಒಂದು ದಿನ ಬಿಟ್ಟು ಫೋನ್ ಮಾಡಿ, ಕ್ಲೈಂಟ್ ಜೊತೆ ನಿನಗಾಗಿ ಜಗಳವನ್ನೇ ಆಡಿದೆ, 500ಕ್ಕೆ ಒಪ್ಪಿಸಿದ್ದೇನೆ ಎಂದ. ನಾನು ಖುಷಿಪಟ್ಟೆ. ಹೆಂಡತಿಗೆ ಹೇಳಿದೆ, ಸ್ಲೌನಲ್ಲಿರುವ ಸ್ನೇಹಿತರಿಗೂ ಹೇಳಿದೆ, ಹೇಗೆ ಪಟ್ಟು ಹಿಡಿದೆ ನೋಡಿ ಎಂದು. ಆ ಮಾತುಗಳನ್ನು ಈಗ ನೆನೆದರೆ ತಲೆ ತಗ್ಗಿಸುವಂತಾಗುತ್ತದೆ.

ಸಂದರ್ಶನ ಮುಗಿದು, ಇದ್ದ ಕೆಲಸ ಬಿಟ್ಟಾಗಿತ್ತು. ಸೋಮವಾರ ಹೊಸ ಕೆಲಸ ಶುರು. ಶುಕ್ರವಾರ ಸಂಜೆ ಐದು ಗಂಟೆಯ ಮೇಲೆ ಇಮೇಲ್ ಬಂತು: ಕ್ಲೈಂಟ್ ಈ ಹುದ್ದೆಯನ್ನು ಇನ್‌ಸೈಡ್ ಎಂದು ನಿರ್ಧರಿಸಿದೆ, ಜೊತೆಗಿರುವ ಪಟ್ಟಿಯಿಂದ ಒಂದು ಅಂಬ್ರೆಲ್ಲಾ ಕಂಪನಿಯನ್ನು (ಏಜೆನ್ಸಿಯಿಂದ ಹಣ ಪಡೆದು, ನಮ್ಮನ್ನು ತನ್ನ ನೌಕರರೆಂದು ತೋರಿಸಿ ಸಂಬಳ ಕೊಡುವ ಮಧ್ಯವರ್ತಿ) ಆರಿಸಿಕೊಳ್ಳಿ, ದರ ಹಾಗೆಯೇ ಇರುತ್ತದೆ. ಶುಕ್ರವಾರ ಸಂಜೆ! ಇವರೆಲ್ಲ ಇಂಥ ಇಮೇಲನ್ನು ಆ ಹೊತ್ತಿಗೇ ಏಕೆ ಕಳುಹಿಸುತ್ತಾರೆ ಎಂಬುದು ಕಾಂಟ್ರ್ಯಾಕ್ಟ್ ಮಾಡಿದವರಿಗೆ ಗೊತ್ತು.

ಕೂಡಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇಲ್ಲಿ ಬರೆಯಲೇಬೇಕು.

ಕ್ಲೈಂಟ್ ಕೊಟ್ಟ ಸ್ಟೇಟಸ್ ನಿರ್ಧಾರದ ಪತ್ರ ಎಲ್ಲಿ, ಕಾರಣಗಳನ್ನು ಓದಬೇಕು ಎಂದೆ. "ನೀನು ಅಂಬ್ರೆಲ್ಲಾ ಮೂಲಕ ಬರುತ್ತಿದ್ದೀಯಲ್ಲ, ಅವರಿಗೆ ಆ ಪತ್ರದ ಅಗತ್ಯವಿಲ್ಲ" ಎಂದ. ಅಂಬ್ರೆಲ್ಲಾ ಮೂಲಕ ಏಕೆ ಬರಬೇಕು? "ಹುದ್ದೆ ಇನ್‌ಸೈಡ್ ಅಲ್ಲವೇ." ಇನ್‌ಸೈಡ್ ಎಂದು ಹೇಳುವ ಪತ್ರ ಎಲ್ಲಿ? "ಅಂಬ್ರೆಲ್ಲಾದವರಿಗೆ ಬೇಕಾಗಿಲ್ಲ." ಹೀಗೆ ಒಂದೇ ಕಂಬವನ್ನು ಸುತ್ತಿಸಿದ.

ಬೇರೆ ಅಂಬ್ರೆಲ್ಲಾ ಆರಿಸಿಕೊಳ್ಳುತ್ತೇನೆ ಎಂದೆ. ಅಂಬ್ರೆಲ್ಲಾದವರು ತೆರಿಗೆ ಬಾಕಿ ಉಳಿಸಿದರೆ ಏಪ್ರಿಲ್ 2026ರಿಂದ ಏಜೆನ್ಸಿಯೂ ಹೊಣೆ, ಆದ್ದರಿಂದ ನಮ್ಮ ಪಟ್ಟಿಯವರೇ ಆಗಬೇಕು ಎಂದ. ಕಾನೂನು ಇರುವುದು ನಿಜ. ಆದರೆ ಅವನ ಬಾಯಲ್ಲಿ ಕಾನೂನು ನೆನಪಾಗುವುದು ಅವನಿಗೆ ಲಾಭವಿದ್ದಾಗ ಮಾತ್ರ.

ಹಾಗಾದರೆ ಕೀ ಇನ್‌ಫರ್ಮೇಶನ್ ಡಾಕ್ಯುಮೆಂಟ್ (ಸಂಬಳ, ಕಡಿತಗಳನ್ನು ಏಜೆನ್ಸಿ ಮೊದಲೇ ತಿಳಿಸುವ ಹಾಳೆ) ಕೊಡಿ, 2020ರಿಂದ ಅದು ಕಡ್ಡಾಯ ಎಂದೆ. "ನೀನು ಆಪ್ಟ್-ಔಟ್‌ಗೆ ಸಹಿ ಹಾಕಿದ್ದೀಯ, ನಿನಗೆ ಅನ್ವಯಿಸುವುದಿಲ್ಲ." ಯಾವ ಆಪ್ಟ್-ಔಟ್? ಸಂದರ್ಶನ ಮುಗಿದ ಮೇಲೆ ಪಾಸ್‌ಪೋರ್ಟ್ ಪ್ರತಿ, ವಿಳಾಸದ ದಾಖಲೆಗಳ ನಡುವೆ "ಮಾಮೂಲಿ ಫಾರಂ" ಎಂದು ಕಳುಹಿಸಿದ್ದ ಹಾಳೆ ಅದು! 2003ರ ಏಜೆನ್ಸಿ ನಿಯಮಗಳ ರಕ್ಷಣೆ ನನಗೆ ಬೇಡ ಎಂಬ ಒಪ್ಪಿಗೆ. ಟೈಮ್‌ಶೀಟ್‌ಗೆ ಕ್ಲೈಂಟ್ ಸಹಿ ಇಲ್ಲವೆಂದು ದುಡ್ಡು ತಡೆಹಿಡಿಯುವಂತಿಲ್ಲ ಎನ್ನುವ ನಿಯಮವೂ ಅದರಲ್ಲೇ ಹೋಗುತ್ತದೆ. ಆಪ್ಟ್-ಔಟ್ ಊರ್ಜಿತವಾಗಬೇಕಾದರೆ ಕ್ಲೈಂಟ್‌ಗೆ ಪರಿಚಯಿಸುವ ಮೊದಲೇ ಆಗಿರಬೇಕಲ್ಲವೇ, ಸಂದರ್ಶನ ಆದ ಮೇಲೆ ಹೇಗೆ ಎಂದು ಇಮೇಲ್ ಬರೆದೆ. ಆ ಒಂದು ಇಮೇಲಿಗೆ ಇವತ್ತಿಗೂ ಉತ್ತರವಿಲ್ಲ.

ಮನೆಯ ಕಂತು ಇತ್ತು, ಸೋಮವಾರ ಹೋದೆ.

ಮೊದಲ ವಾರದ ಪೇಸ್ಲಿಪ್ ಜೊತೆಗೆ ಇನ್ನೊಂದು ಲೆಕ್ಕದ ಹಾಳೆ ಬಂತು. ಐದು ದಿನ, 2,500 ಪೌಂಡ್. ಅಂಬ್ರೆಲ್ಲಾದವರ ಮಾರ್ಜಿನ್, ಅಂದರೆ ಅವರ ಶುಲ್ಕ, 25. ಅಪ್ರೆಂಟಿಸ್‌ಶಿಪ್ ಲೆವಿ (ಕಂಪನಿಗಳ ಮೇಲಿನ ತರಬೇತಿ ತೆರಿಗೆ) 11. ನಂತರದ ಸಾಲು: ಎಂಪ್ಲಾಯರ್ಸ್ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ), ಸುಮಾರು 310. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಎಂಪ್ಲಾಯರ್ಸ್. ಮಾಲೀಕನು ಕಟ್ಟಬೇಕಾದ ವಿಮೆ, ನನ್ನ 2,500ರಿಂದ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಶೇ 13.8ರಿಂದ 15ಕ್ಕೆ ಏರಿಸಿ, ವಿನಾಯಿತಿಯ ಮಿತಿಯನ್ನು ವರ್ಷಕ್ಕೆ 9,100ರಿಂದ 5,000 ಪೌಂಡಿಗೆ ಇಳಿಸಿದಾಗ, ಇದು ಕಂಪನಿಗಳ ಮೇಲಿನ ಹೊರೆ ಎಂದು ಟಿವಿಯಲ್ಲಿ ಕೇಳಿ ಸುಮ್ಮನಿದ್ದೆ. ಆ ಹೊರೆ ನನ್ನ ಹೆಗಲಿಗೇ ಬಂದು ಕುಳಿತಿತ್ತು. ಉಳಿದ 2,155ರಲ್ಲಿ ರಜೆಯ ಹಣವೆಂದು 230ರಷ್ಟು ಎತ್ತಿಟ್ಟಿದ್ದರು. ಅದರ ಮೇಲೆ ನನ್ನ ತೆರಿಗೆ, ನನ್ನ ಪಾಲಿನ ಎನ್‌ಐ. ಬ್ಯಾಂಕಿಗೆ ಬಂದದ್ದು 1,300 ಚಿಲ್ಲರೆ.

ಅಂಬ್ರೆಲ್ಲಾ ಕಚೇರಿಗೆ ಫೋನ್ ಮಾಡಿದೆ. ನನ್ನ ಸಂಬಳದಿಂದ ಮಾಲೀಕನ ಎನ್‌ಐ ಕಡಿತ ಮಾಡುವುದು ಕಾನೂನುಬಾಹಿರವಲ್ಲವೇ? ಫೋನೆತ್ತಿದ ಹೆಂಗಸು ಬಹಳ ಮೃದುವಾಗಿ ಹೇಳಿದಳು: "ಸಂಬಳದಿಂದ ನಾವು ಏನನ್ನೂ ಕಡಿತ ಮಾಡಿಲ್ಲ ಸರ್. 500 ಎನ್ನುವುದು ಅಸೈನ್‌ಮೆಂಟ್ ದರ, ಅದು ಏಜೆನ್ಸಿ ನಮಗೆ ಕೊಡುವ ಹಣ. ನಿಮ್ಮ ಸಂಬಳ ಅದರ ನಂತರ ಶುರುವಾಗುತ್ತದೆ." ಸಂಬಳ ಅದರ ನಂತರ ಶುರುವಾಗುತ್ತದೆ! ಕಾನೂನಿನ ಪ್ರಕಾರ ಅವಳ ಮಾತು ಸರಿಯೇ ಇರಬಹುದು, ಅದೇ ಹೊಟ್ಟೆ ಉರಿಸುವುದು. ಬೆಂಗಳೂರಿನಲ್ಲಿ ಕೆಲಸ ಮಾಡಿದ ನಮಗೆಲ್ಲ ಸಿಟಿಸಿಯ ಆಟ ಗೊತ್ತು, ಕಂಪನಿಯ ಪಿಎಫ್ ಪಾಲನ್ನೂ ನಮ್ಮ ಲೆಕ್ಕಕ್ಕೇ ಸೇರಿಸಿ ದೊಡ್ಡ ಸಂಖ್ಯೆ ತೋರಿಸುತ್ತಾರೆ. ಆದರೆ ಅಲ್ಲಿ ಆಫರ್ ಪತ್ರದಲ್ಲಿ ಸಾಲುಸಾಲಾಗಿ ಬರೆದಾದರೂ ಕೊಡುತ್ತಾರೆ. ಇಲ್ಲಿ ಆ ಹಾಳೆ ನನ್ನ ಕೈಗೆ ಬಂದದ್ದು ಒಂದು ವಾರ ದುಡಿದ ಮೇಲೆ.

ಏಜೆನ್ಸಿಯ ಆ "ಗೆಳೆಯ"ನಿಗೆ ಮತ್ತೆ ಫೋನ್ ಮಾಡಿದೆ. "ದರ ಬದಲಾಗಿಲ್ಲವಲ್ಲ, 500 ಎಂದಿದ್ದೆ, 500 ಕೊಟ್ಟಿದ್ದೇವೆ. ತೆರಿಗೆ ನಿನ್ನ ಸ್ವಂತ ವಿಷಯ." ಇನ್‌ಸೈಡ್ ಎಂದು ಮೊದಲೇ ಹೇಳಿದ್ದರೆ 620 ಕೇಳುತ್ತಿದ್ದೆ ಎಂದೆ. "ಮಾರುಕಟ್ಟೆಯಲ್ಲಿ ಯಾರೂ ಅಷ್ಟು ಕೊಡುವುದಿಲ್ಲ." ಅದೇ ತಿಂಗಳು ಬೇರೊಂದು ಏಜೆನ್ಸಿಯವರು ಅದೇ ಕ್ಲೈಂಟ್, ಅದೇ ತಂಡ, ಇನ್‌ಸೈಡ್, 600 ಎಂದು ಕರೆ ಮಾಡಿದರು. ಆದರೆ ಆ ಕ್ಲೈಂಟ್ ಬಳಿ ನನ್ನನ್ನು ಪ್ರತಿನಿಧಿಸುವ ಹಕ್ಕನ್ನು ಇವನಿಗೇ ಇಮೇಲಿನಲ್ಲಿ ಬರೆದುಕೊಟ್ಟಿದ್ದೆ, ಬೇರೆಯವರ ಮೂಲಕ ಹೋಗುವಂತಿರಲಿಲ್ಲ. ಮುಗಿಯಿತು.

ಇನ್ನೊಂದು ವಿಷಯ. ಇದೇ ಸಮಯಕ್ಕೆ ಒಬ್ಬ ನಮ್ಮ ದೇಶದವನೇ ಕರೆ ಮಾಡಿ, ನಮ್ಮ ಅಂಬ್ರೆಲ್ಲಾಗೆ ಬನ್ನಿ, ನೂರಕ್ಕೆ 85 ಕೈಗೆ ಸಿಗುತ್ತದೆ ಎಂದ. ಈ ದರಕ್ಕೆ ನೇರವಾಗಿ ತೆರಿಗೆ ಕಟ್ಟಿದರೆ ಕೈಗೆ ಬರುವುದು ನೂರಕ್ಕೆ ಅರವತ್ತರ ಆಸುಪಾಸು. ಉಳಿದದ್ದು ಎಲ್ಲಿಂದ? ಚಿಕ್ಕ ಸಂಬಳ, ಮಿಕ್ಕಿದ್ದು "ಸಾಲ". ಆ ಸಾಲಗಳನ್ನು ನಂಬಿದವರ ಮೇಲೆ 2019ರಲ್ಲಿ ಲೋನ್ ಚಾರ್ಜ್ ಎಂಬ ತೆರಿಗೆ ಬಂತು, ವರ್ಷಗಳ ಹಳೆಯ ತೆರಿಗೆಯ ಬಿಲ್ ಬಂದದ್ದು ಕೆಲಸ ಮಾಡಿದವನ ಮನೆಗೆ. ಕನ್ನಡದಲ್ಲೋ ಹಿಂದಿಯಲ್ಲೋ ಮಾತನಾಡಿದ ಮಾತ್ರಕ್ಕೆ ನಂಬಬೇಡಿ, ಫೋನ್ ಇಟ್ಟುಬಿಡಿ.

ದರದ ಮಾತು ಬರುವ ಮೊದಲೇ ಇಮೇಲಿನಲ್ಲಿ ಕೇಳಿ: ಇನ್‌ಸೈಡೋ ಔಟ್‌ಸೈಡೋ, ನಿರ್ಧಾರ ಆಗಿದೆಯೋ ಇಲ್ಲವೋ, ಹೇಳುತ್ತಿರುವುದು ಅಸೈನ್‌ಮೆಂಟ್ ದರವೋ ಪಿಎವೈಇ ದರವೋ (ಮಾಲೀಕನ ಪಾಲು ಕಳೆದ ಮೇಲಿನ ನಿಮ್ಮ ನಿಜವಾದ ಸಂಬಳ). "ನಮಗೆ ತಿಳಿಸಿದ್ದಾರೆ" ಎಂಬುದು ಉತ್ತರವಲ್ಲ. ಆಪ್ಟ್-ಔಟ್ ಫಾರಂಗೆ ಸಹಿ ಹಾಕಬೇಡಿ, ಮಾಮೂಲಿ ಎಂದರೆ ಖಂಡಿತ ಹಾಕಬೇಡಿ. ಲೆಕ್ಕದ ಮಾದರಿ ಹಾಳೆ ನೋಡದೆ ಇರುವ ಕೆಲಸ ಬಿಡಬೇಡಿ. ರಜೆಯ ಹಣವನ್ನು ವಾರವಾರ ಸಂಬಳದ ಜೊತೆಗೇ ಕೊಡಿ ಎಂದು ಮೊದಲ ದಿನವೇ ಬರೆದುಕೊಡಿ. ನನ್ನದನ್ನು ಎತ್ತಿಟ್ಟವರು ಈಗ, ವರ್ಷದೊಳಗೆ ಕೇಳಲಿಲ್ಲ, ಆ ಹಣ ಹೋಯಿತು ಎನ್ನುತ್ತಿದ್ದಾರೆ. ನೌಕರ-ಮಾಲೀಕರ ವ್ಯಾಜ್ಯಗಳಲ್ಲಿ ರಾಜಿ ಮಾಡಿಸುವ ಏಕ್ಯಾಸ್ (Acas) ಸಂಸ್ಥೆಗೆ ಅರ್ಜಿ ಹಾಕಿದ್ದೇನೆ. ಅಂಬ್ರೆಲ್ಲಾದವರಿಂದ ಯಾರಾದರೂ ಈ ಹಣವನ್ನು ವಾಪಸ್ ಪಡೆದಿದ್ದರೆ, ಯಾವ ಕಾಗದ ತೋರಿಸಿ ಪಡೆದಿರಿ ಎಂದು ತಿಳಿಸಿ.