ಸೀಟಿನ ಕೆಳಗೊಂದು ಕಂಪ್ಯೂಟರ್: ನಾಲ್ಕು ವರ್ಷ, 70 ಸಾವಿರ ಕಿಲೋಮೀಟರ್ ಆದ ಮೇಲೆ

ಹಾಡು ಕೇಳಲಿಕ್ಕೆ, ದಾರಿ ನೋಡಲಿಕ್ಕೆ, ರಿವರ್ಸ್ ಕ್ಯಾಮೆರಾಕ್ಕೆ ಅಂತ ಗಾಡಿಯಲ್ಲಿ ಕಂಪ್ಯೂಟರ್ ಕೂರಿಸುವ ವಿಚಾರ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ. ಎಂಟ್ಹತ್ತು ಸಾವಿರದ ಆಂಡ್ರಾಯ್ಡ್ ಸ್ಟೀರಿಯೊ ಅಷ್ಟನ್ನೂ ಮಾಡುತ್ತದೆ, ಅರ್ಧ ದಿನದಲ್ಲಿ ಹಾಕಿಯೂ ಕೊಡುತ್ತಾರೆ. ನನ್ನ ಕಾರಣ ಬೇರೆ ಇತ್ತು.

ನನ್ನದು ಎಲೆಕ್ಟ್ರಾನಿಕ್ ಕಾಟಾ, ಅಂದರೆ ತೂಕದ ಯಂತ್ರ, ರಿಪೇರಿ ಮಾಡುವ ಕೆಲಸ. ಮನೆ ಹುಬ್ಬಳ್ಳಿ ನವನಗರದಲ್ಲಿ, ಕೆಲಸ ಗದಗ, ಅಣ್ಣಿಗೇರಿ, ಲಕ್ಷ್ಮೇಶ್ವರ, ಬ್ಯಾಡಗಿ ಕಡೆ. ದಲಾಲಿ ಅಂಗಡಿ, ಹತ್ತಿ ಜಿನ್, ಲಾರಿ ತೂಗುವ ವೇಬ್ರಿಜ್, ಎಲ್ಲಿಂದ ಫೋನ್ ಬಂದರೂ ಓಡಬೇಕು. ಕಾಟಾದ ಇಂಡಿಕೇಟರ್, ಅಂದರೆ ತೂಕ ತೋರಿಸುವ ಡಬ್ಬಿ, ಇವತ್ತಿಗೂ ಮಾತಾಡುವುದು ಒಂಬತ್ತು ಪಿನ್ನಿನ ಆರ್‌ಎಸ್-232 ಸೀರಿಯಲ್ ಪೋರ್ಟಿನಲ್ಲಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟೇ ಇಲ್ಲ. ಅಗ್ಗದ ಯುಎಸ್‌ಬಿ ಕನ್ವರ್ಟರ್ ಹಾಕಿದರೆ ಸರಿಯಾಗಿ ಲಾರಿ ವೇಬ್ರಿಜ್ ಮೇಲೆ ನಿಂತಾಗಲೇ ಕೈಕೊಡುತ್ತದೆ. ಎರೆಮಣ್ಣಿನ ಧೂಳು ತಿಂದು ಎರಡು ಲ್ಯಾಪ್‌ಟಾಪ್ ಹಾಳಾದ ಮೇಲೆ, ಗಾಡಿಯೇ ನನ್ನ ಅಂಗಡಿ ಅಂದಮೇಲೆ ಕಂಪ್ಯೂಟರೂ ಗಾಡಿಯಲ್ಲೇ ಇರಲಿ ಅನ್ನಿಸಿತು. 2021ರ ದಸರಾ ಮುಂದೆ ಕೆಲಸ ಶುರುಮಾಡಿದೆ.

ಗಾಡಿ ಹಳೆಯ ವ್ಯಾಗನ್ ಆರ್. ಮುಂದಿನ ಎಡಸೀಟಿನ ಕೆಳಗೆ ಸಾಮಾನು ಇಡುವ ಪ್ಲಾಸ್ಟಿಕ್ ಟ್ರೇ ಇರುತ್ತದಲ್ಲ, ಅದನ್ನು ತೆಗೆದರೆ 170 ಮಿಲಿಮೀಟರ್ ಚೌಕದ ಮಿನಿ ಐಟಿಎಕ್ಸ್ ಮದರ್‌ಬೋರ್ಡಿನ ಡಬ್ಬಿ ಸಲೀಸಾಗಿ ಕೂಡುತ್ತದೆ. ಸೆಲೆರಾನ್ ಜೆ1900 ಇರುವ ಸೆಕೆಂಡ್‌ಹ್ಯಾಂಡ್ ಬೋರ್ಡು, ರ್‍ಯಾಮ್ ಸೇರಿ ನಾಲ್ಕೂವರೆ ಸಾವಿರ. 10 ವ್ಯಾಟಿನ ಪ್ರೊಸೆಸರ್, ಮೇಲೆ ಫ್ಯಾನ್ ಇಲ್ಲ, ಹಿಂದೆ ಎರಡು ಸೀರಿಯಲ್ ಪೋರ್ಟು. ಡ್ಯಾಶ್‌ಬೋರ್ಡ್ ಮೇಲೆ ಏಳಿಂಚಿನ ಟಚ್ ಸ್ಕ್ರೀನು, ಅದೂ ಎಡಸೀಟಿನ ಕಡೆ ತಿರುಗಿಸಿದ್ದು. ಗಾಡಿ ಓಡಿಸುವಾಗ ನಾನು ಅದನ್ನು ನೋಡುವುದಿಲ್ಲ, ನೋಡಲೂಬಾರದು.

ಕಂಪ್ಯೂಟರ್ ಕೂರಿಸುವುದು ಒಂದು ಭಾನುವಾರದ ಕೆಲಸ. ಅದಕ್ಕೆ ಕರೆಂಟು ಕೊಡುವುದು ಕಲಿಯಲಿಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸಿಗರೇಟ್ ಲೈಟರ್ ಸಾಕೆಟ್ಟಿಗೆ 150 ವ್ಯಾಟಿನ ಇನ್ವರ್ಟರ್, ಅದಕ್ಕೆ ಮನೆಯ ಅಡಾಪ್ಟರ್. 12 ವೋಲ್ಟನ್ನು 230 ಮಾಡಿ ಮತ್ತೆ 12ಕ್ಕೆ ಇಳಿಸುವುದು ಅಂದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಲು ಹಾವೇರಿ ಸುತ್ತಿದಂತೆ. ದಂಡ ಹೋಗುವ ಕರೆಂಟನ್ನಾದರೂ ಸಹಿಸಬಹುದಿತ್ತು. ಸೆಲ್ಫ್ ಹೊಡೆದಾಗಲೆಲ್ಲ ಕಂಪ್ಯೂಟರ್ ಸತ್ತು ಮತ್ತೆ ಏಳುತ್ತಿತ್ತು. ಕೀಲಿ ಸ್ಟಾರ್ಟ್‌ಗೆ ತಿರುಗಿಸಿದ ಕ್ಷಣ ಹೆಚ್ಚಿನ ಗಾಡಿಗಳಲ್ಲಿ ಆ ಸಾಕೆಟ್ಟಿನ ಸಪ್ಲೈ ಕಡಿದುಹೋಗುತ್ತದೆ. ಕಡಿಯದಿದ್ದರೂ ಸ್ಟಾರ್ಟರ್ ಮೋಟರ್ ಎಳೆಯುವ ಭರಕ್ಕೆ ಬ್ಯಾಟರಿ ವೋಲ್ಟೇಜು 8-9ಕ್ಕೆ ಕುಸಿಯುತ್ತದೆ.

ಆಮೇಲೆ ಗೆಳೆಯನೊಬ್ಬ ಬುದ್ಧಿ ಹೇಳಿದ: "ಬ್ಯಾಟರಿನೂ 12, ಕಂಪ್ಯೂಟರೂ 12, ಸೀದಾ ಹಚ್ಚಿಬಿಡಲೇ." ಪುಣ್ಯಕ್ಕೆ ಹಚ್ಚುವ ಮುಂಚೆ ಮೀಟರ್ ಹಿಡಿದು ನೋಡಿದೆ. ಬ್ಯಾಟರಿ ಸುಮ್ಮನಿದ್ದಾಗ 12.6, ಎಂಜಿನ್ ಓಡುವಾಗ 14.3. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಓಡುವಾಗ ಬ್ಯಾಟರಿ ಕ್ಲ್ಯಾಂಪು ಸಡಿಲಾದರೆ ಕ್ಷಣಮಾತ್ರಕ್ಕೆ 40 ವೋಲ್ಟ್ ದಾಟಿ ಜಿಗಿಯಬಹುದು. ಗಾಡಿಯ '12 ವೋಲ್ಟ್' ಎನ್ನುವುದು ಬರೀ ಕರೆಯುವ ಹೆಸರು.

ಕೊನೆಗೆ ತರಿಸಿದ್ದು ಎಂ4-ಎಟಿಎಕ್ಸ್ ಎಂಬ ಪವರ್ ಬೋರ್ಡು. 6ರಿಂದ 30 ವೋಲ್ಟ್ ತನಕ ಏನೇ ಕೊಟ್ಟರೂ ಕಂಪ್ಯೂಟರಿಗೆ ಬೇಕಾದ್ದನ್ನು ಸರಿಯಾಗಿ ಅಳೆದು ಕೊಡುತ್ತದೆ, 250 ವ್ಯಾಟ್ ತನಕ. ಸುಂಕ, ಸಾಗಣೆ ಸೇರಿ ಹತ್ತು ಸಾವಿರ ದಾಟಿತು. ಕಂಪ್ಯೂಟರಿಗಿಂತ ಅದಕ್ಕೆ ಅನ್ನ ಬಡಿಸುವ ಬೋರ್ಡೇ ತುಟ್ಟಿ! ಆದರೆ ನಾಲ್ಕು ವರ್ಷದಲ್ಲಿ ನಾನು ಮಾಡಿದ ಒಂದೇ ಶಾಣ್ಯಾತನದ ಖರ್ಚು ಇದು. ಬ್ಯಾಟರಿಯಿಂದ ಒಂದು ದಪ್ಪ ವೈರು, ಕೀಲಿಯಿಂದ ಒಂದು ಸಣ್ಣ ವೈರು, ಗಾಡಿಯ ತಗಡಿಗೆ ಒಂದು ಅರ್ಥು. ಕೀಲಿ ತಿರುಗಿಸಿದರೆ ಆ ಸಣ್ಣ ವೈರಿನಿಂದ ಬೋರ್ಡಿಗೆ ಸುದ್ದಿ ಮುಟ್ಟುತ್ತದೆ, ಅದು ನಾವು ಬೆರಳಿನಿಂದ ಪವರ್ ಬಟನ್ ಒತ್ತಿದಂತೆಯೇ ಕಂಪ್ಯೂಟರನ್ನು ಎಬ್ಬಿಸುತ್ತದೆ. ಕೀಲಿ ತೆಗೆದರೆ ಹೇಳಿಟ್ಟಷ್ಟು ಹೊತ್ತು ಕಾದು ಮತ್ತೆ ಅದೇ ಬಟನ್ ಒತ್ತಿ ಮಲಗಿಸುತ್ತದೆ. ಸೆಲ್ಫ್ ಹೊಡೆದಾಗ ಸ್ಕ್ರೀನಿನ ಬೆಳಕು ಒಂದು ರೆಪ್ಪೆ ಬಡಿದಷ್ಟು ಮಂಕಾಗುತ್ತದೆ, ಕಂಪ್ಯೂಟರ್ ಮಾತ್ರ ಅಲ್ಲಾಡುವುದಿಲ್ಲ.

ವೈರ್ ಎಳೆದವನು ಗೋಕುಲ ರೋಡ್ ಕಡೆಯ ಒಬ್ಬ ಆಟೊ ಎಲೆಕ್ಟ್ರಿಷಿಯನ್. ಕೈ ಬಂಗಾರದಂಥದು, ಆದರೆ ಫ್ಯೂಸ್ ಎಂದ ಕೂಡಲೇ ನಕ್ಕ.

"ವೈರ್ ಇಷ್ಟ್ ದಪ್ಪ ಐತಿ, ಫ್ಯೂಸ್ ಯಾಕ ಬೇಕ್ರೀ ಸಾಹೇಬ್ರ?"

"ದಪ್ಪ ಐತಿ ಅಂತಾನ ಬೇಕೋ ತಮ್ಮಾ. ಗಾಡಿ ತಗಡಿಗೆ ತಾಗಿದ್ರ ವೈರ್ ಸುಡೂದಿಲ್ಲ, ಗಾಡಿ ಸುಡತೈತಿ."

ಬ್ಯಾಟರಿಯಿಂದ ಒಂದು ಗೇಣು ದೂರದೊಳಗೇ 15 ಆಂಪಿಯರ್ ಫ್ಯೂಸ್ ಹಾಕಿಸಿದೆ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಬಳೆ ಇಲ್ಲದೆ ವೈರು ತೂರಿಸಲು ಬಿಡಲಿಲ್ಲ. ಆ ಖಂಡೇಪೂಜೆಗೆ ಮನೆಯಾಕೆ ಸ್ಟೀರಿಂಗಿಗೂ ಕಂಪ್ಯೂಟರಿಗೂ ಅರಿಷಿಣ ಕುಂಕುಮ ಏರಿಸಿದಳು. ಒದ್ದೆ ಕುಂಕುಮ ಬಿದ್ದಲ್ಲೆಲ್ಲ ಟಚ್ ಸ್ಕ್ರೀನು ತಾನೇ ಒತ್ತಿಕೊಂಡು ನಾಲ್ಕಾರು ಫೈಲು ತೆರೆಯಿತು.

ಬೋರ್ಡು ಶಾಣ್ಯಾ ಇದ್ದರೂ ನಾನು ಇರಬೇಕಲ್ಲ. ಬೇಗ ಏಳಲಿ ಅಂತ ಕಂಪ್ಯೂಟರನ್ನು ಸ್ಲೀಪ್‌ನಲ್ಲಿ ಇಟ್ಟು, ಮಲಗಿದ್ದಾಗಲೂ ಅದಕ್ಕೆ ಸಿಗುವ ಸ್ಟ್ಯಾಂಡ್‌ಬೈ ಸಪ್ಲೈ ಕಡಿಯದಂತೆ ಪವರ್ ಬೋರ್ಡಿನಲ್ಲಿ ಜಂಪರ್ ಹಾಕಿದ್ದೆ. ಸ್ಲೀಪ್‌ನಲ್ಲಿ ಎಳೆಯುತ್ತಿದ್ದದ್ದು 0.2 ಆಂಪಿಯರ್, ಅಷ್ಟೇ ಅಲ್ಲವೇ ಅಂದುಕೊಂಡೆ. ಮದುವೆಗೆಂದು ಆರು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದರೆ ಗಾಡಿ 'ಟಕ್' ಅಂದು ಸುಮ್ಮನಾಯಿತು. ಲೆಕ್ಕ ಹಾಕಿ: ದಿನಕ್ಕೆ ಸುಮಾರು 5 ಆಂಪಿಯರ್ ಅವರ್, ಆರು ದಿನಕ್ಕೆ 29. ನನ್ನ ಬ್ಯಾಟರಿ ಹೊಸದಿದ್ದಾಗಲೇ 35. ವೋಲ್ಟೇಜು 11ರ ಹತ್ತಿರ ಬಂದಾಗ ಬೋರ್ಡು ತಾನಾಗಿ ಕಡಿದಿತ್ತು, ನಿಜ. ಅಷ್ಟೊತ್ತಿಗೆ ಸ್ಟಾರ್ಟರ್ ತಿರುಗಿಸುವ ದಮ್ಮು ಬ್ಯಾಟರಿಗೆ ಉಳಿದಿರಲಿಲ್ಲ. ಓಣಿಯ ಹುಡುಗರು ದಬ್ಬಿ ಶುರುಮಾಡಿಸಿದರು. ಅವತ್ತಿನಿಂದ ಸ್ಲೀಪ್ ಇಲ್ಲ, ಹೈಬರ್ನೇಟ್, ಅಂದರೆ ಇದ್ದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರುವುದು. ಏಳಲು ಹದಿನೈದು ಸೆಕೆಂಡು ತಗೊಳ್ಳುತ್ತದೆ, ತಗೊಳ್ಳಲಿ.

ಸ್ಪೀಕರಿಗೆ ಜೋಡಿಸಿದ ದಿನದಿಂದ ಎಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಒಂದು ಗುಂಯ್ ಸದ್ದು. ಕಂಪ್ಯೂಟರಿನ ಅರ್ಥು ಸೀಟಿನ ಬೋಲ್ಟಿಗೆ, ಸ್ಟೀರಿಯೊದ್ದು ಡ್ಯಾಶ್‌ಬೋರ್ಡಿನ ಹಿಂದೆ. ಎರಡು ಜಾಗದ ನಡುವಿನ ಅಷ್ಟಿಷ್ಟು ವೋಲ್ಟೇಜ್ ವ್ಯತ್ಯಾಸವೇ ಆಡಿಯೊ ಕೇಬಲಿನಲ್ಲಿ ಹಾಡುತ್ತಿತ್ತು. ಬಣ್ಣ ಕೆರೆದು ಬರೀ ತಗಡು ಕಾಣುವಂತೆ ಮಾಡಿ ಎರಡನ್ನೂ ಒಂದೇ ಕಡೆ ಬಿಗಿದ ಮೇಲೆ ಸದ್ದು ನಿಂತಿತು.

ಬಿಸಿಲಿನ ಕಥೆ. ಏಪ್ರಿಲ್‌ನಲ್ಲಿ ಗದಗಿನ ಎಪಿಎಂಸಿ ಅಂಗಳದಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ 60 ಡಿಗ್ರಿ ಆಗುತ್ತದೆ. ಕೇಬಲುಗಳು ಅಲುಗದಿರಲಿ ಅಂತ ಹಾಟ್ ಗ್ಲೂ ಹಾಕಿದ್ದೆ. ಅದು ಮೆತ್ತಗಾಗಿ ಜಾರಿತು, ಅಣ್ಣಿಗೇರಿ ಕಡೆಯ ಹಂಪುಗಳು ಮಿಕ್ಕ ಕೆಲಸ ಮುಗಿಸಿದವು. ವೇಬ್ರಿಜ್ ಮೇಲೆ ಲಾರಿ ನಿಲ್ಲಿಸಿಕೊಂಡು ಸ್ಕ್ರೀನ್ ನೋಡಿದರೆ 'ಡಿಸ್ಕ್ ಇಲ್ಲ' ಅನ್ನುತ್ತದೆ! ಈಗ ಎಲ್ಲದಕ್ಕೂ ಸಿಲಿಕೋನ್ ಮತ್ತು ಕೇಬಲ್ ಟೈ. ಮೊದಲು ಹಾಕಿದ್ದ ತಿರುಗುವ ಹಾರ್ಡ್ ಡಿಸ್ಕ್ ಏಳು ತಿಂಗಳಿಗೆ ಟಿಕ್ ಟಿಕ್ ಅಂದು ಪ್ರಾಣ ಬಿಟ್ಟಿತ್ತು. ಅದರ ಜಾಗಕ್ಕೆ ಬಂದ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಇವತ್ತಿನ ತನಕ ಏನೂ ಆಗಿಲ್ಲ. ಮಧ್ಯಾಹ್ನದ ಬಿಸಿಲಿಗೆ ಏಳಿಂಚಿನ ಸ್ಕ್ರೀನು ಕಾಣುವುದೇ ಇಲ್ಲ. ಮೇಲೆ ಕರಿ ರೆಕ್ಸಿನ್ನಿನ ಕುಲಾಯಿ ಹೊಲಿಸಿ ಹಾಕಿದ್ದೇನೆ, ನೋಡಲು ಚಂದವಿಲ್ಲ.

ಬ್ಯಾಡಗಿಯದು ಬೇರೆಯೇ ಪ್ರಸಂಗ. ಬಿಸಿಲಿಗೆ ಹೆದರಿ ಡಬ್ಬಿಗೆ ಒಂದು ಸಣ್ಣ ಫ್ಯಾನ್ ಜೋಡಿಸಿದ್ದೆ. ಫೆಬ್ರುವರಿಯ ಸುಗ್ಗಿ, ಮಾರ್ಕೆಟ್ ತುಂಬ ಮೆಣಸಿನಕಾಯಿ ಚೀಲ. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡೇ ಓಡಾಡುವ ಜಾಗ. ಬಾಗಿಲು ತೆರೆದಿಟ್ಟು ಎರಡು ತಾಸು ಕೆಲಸ ಮಾಡಿದೆ. ಫ್ಯಾನು ತನ್ನ ಕರ್ತವ್ಯ ಮಾಡಿತ್ತು, ಖಾರದ ಧೂಳನ್ನೆಲ್ಲ ಎಳೆದು ಡಬ್ಬಿಯಲ್ಲಿ ತುಂಬಿಕೊಂಡಿತ್ತು. ಮಾರನೇ ದಿನ ಮನೆಮಂದಿಯನ್ನು ಕೂರಿಸಿಕೊಂಡು ಕಿಟಕಿ ಏರಿಸಿ ಹೊರಟೆ. ಉಣಕಲ್ ಕೆರೆ ಬರುವಷ್ಟರಲ್ಲಿ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಕಾದು ಗಾಡಿಯ ತುಂಬ ಒಗ್ಗರಣೆಗೆ ಮೆಣಸಿನಕಾಯಿ ಹೊತ್ತಿದ ಘಾಟು. ನಾಲ್ಕೂ ಬಾಗಿಲು ತೆಗೆದು ರಸ್ತೆ ಬದಿ ನಿಂತು ಸೀನಿದ್ದೇ ಸೀನಿದ್ದು. ಆಮೇಲೆ ಡಬ್ಬಿಯ ಕಿಂಡಿಗೆ ತೆಳು ಸ್ಪಂಜ್ ಅಂಟಿಸಿದೆ, ತಿಂಗಳಿಗೊಮ್ಮೆ ತೊಳೆಯುತ್ತೇನೆ. ತೊಳೆದ ನೀರು ಗದಗಿನ ವಾರ ಕರಿ, ಬ್ಯಾಡಗಿಯ ವಾರ ಕೆಂಪು.

ಸೀಟಿನ ಕೆಳಗೇ ಇಡುವವರಿಗೆ ಒಂದು ಮಾತು. ಎಸಿ ನೀರು ಹೊರಹೋಗುವ ಸಣ್ಣ ಪೈಪು ಧೂಳು ಕೂತು ಕಟ್ಟಿಕೊಂಡರೆ ಆ ನೀರು ಬಂದು ನಿಲ್ಲುವುದು ಎಡಗಡೆ ಕಾಲಿಡುವ ಜಾಗದಲ್ಲೇ. ನನ್ನ ಗಾಡಿಯಲ್ಲಿ ಕಾರ್ಪೆಟ್ಟಿನ ಅಡಿಯಲ್ಲಿ ನಿಂತು ಡಬ್ಬಿಯ ತಳದ ತನಕ ಬಂದಿತ್ತು. ಬೋರ್ಡು ತಳದಿಂದ ಅರ್ಧ ಇಂಚು ಎತ್ತರದ ಕಾಲುಗಳ ಮೇಲಿದ್ದದ್ದಕ್ಕೆ ಉಳಿಯಿತು. ಈಗ ಡಬ್ಬಿಯ ಕೆಳಗೆ ಎರಡು ಸಾಗುವಾನಿ ಪಟ್ಟಿ ಕೊಟ್ಟು ಎತ್ತರಿಸಿದ್ದೇನೆ, ಪೈಪನ್ನು ಮಳೆಗಾಲದ ಮುಂಚೆ ಒಮ್ಮೆ ಊದಿಸುತ್ತೇನೆ.

ಜಿಪಿಎಸ್ ಡಾಂಗಲ್ ತಂದೆ, ಈಗ ಡ್ರಾಯರಿನಲ್ಲಿದೆ. ಎಂಜಿನ್ನಿನ ಮಾಹಿತಿ ಓದುವ ಇಎಲ್‌ಎಂ327 ತಂದೆ, ಎರಡು ಸಲ ನೋಡಿ ತೆಗೆದಿಟ್ಟೆ. 2025ರ ಅಕ್ಟೋಬರಿಗೆ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತವು, ಹನ್ನೊಂದನ್ನು ಈ ಪ್ರೊಸೆಸರ್‌ಗೆ ಅಧಿಕೃತವಾಗಿ ಕೊಡುವುದಿಲ್ಲ. ಲಿನಕ್ಸ್ ಮಿಂಟ್ ಹಾಕಿದೆ, ಸೀರಿಯಲ್ ಪೋರ್ಟು ಅದರಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ. ಹಳೆಯ ವೇಬ್ರಿಜ್ ಸಾಫ್ಟ್‌ವೇರ್ ಒಂದು ಮಾತ್ರ ಅದರಲ್ಲಿ ಓಡುವುದಿಲ್ಲ ಅಂತ ವಿಂಡೋಸನ್ನೂ ಒಂದು ಮೂಲೆಯಲ್ಲಿ ಇಟ್ಟಿದ್ದೇನೆ, ಇಂಟರ್ನೆಟ್ ತೋರಿಸದೆ.

ದಿನಾ ಬಳಸುವುದು ಮೂರೇ: ಇಂಡಿಕೇಟರ್ ಓದುವುದು, ಗಿರಾಕಿಗಳ ಹಳೆ ರಿಪೇರಿ ಲೆಕ್ಕ ತೆಗೆಯುವುದು, ಎರಡಿಂಚಿನ ಥರ್ಮಲ್ ಪ್ರಿಂಟರಿನಲ್ಲಿ ಬಿಲ್ ಕೊಡುವುದು. ಸ್ಕ್ರೀನ್ ಸೇರಿ ಎಳೆಯುವುದು 2 ಆಂಪಿಯರ್. ಎಂಜಿನ್ ಆರಿಸಿ ಒಂದು ತಾಸು ಕೂತರೂ ಬ್ಯಾಟರಿಗೆ ಭಾರವಲ್ಲ. ಇನ್ನೊಮ್ಮೆ ಮಾಡುತ್ತೀರಾ ಅಂದರೆ ಇದೇ ಗಾಡಿಗೆ ಮಾಡುತ್ತೇನೆ. ಹೊಸ ಗಾಡಿಯಾದರೆ ವೈರಿಂಗ್ ಮುಟ್ಟಿದ್ದಕ್ಕೆ ವಾರಂಟಿ ತಕರಾರು ಬರುತ್ತದೆ, ಅದಕ್ಕೆ ನನ್ನಲ್ಲಿ ತಾಳ್ಮೆ ಇಲ್ಲ.

ತೀರಾ ಇತ್ತೀಚಿನ ತೊಂದರೆ ಮೂವತ್ತು ರೂಪಾಯಿಯದು. ರಾತ್ರಿ ಸಪ್ಲೈ ಪೂರ್ತಿ ಕಡಿಯುವುದರಿಂದ ಮದರ್‌ಬೋರ್ಡಿನ ಗಡಿಯಾರ ಬರೀ ಸಿಆರ್2032 ಬಿಲ್ಲೆ ಸೆಲ್ಲಿನ ಮೇಲೆ ನಡೆಯುತ್ತದೆ. ಬಿಸಿಲಿಗೂ ಬೆಂದು ಆ ಸೆಲ್ಲು ಮುಗಿದಿತ್ತು. ನನಗೆ ಗೊತ್ತಾಗಲಿಲ್ಲ. ಲಕ್ಷ್ಮೇಶ್ವರದ ದಲಾಲಿ ಅಂಗಡಿಯಲ್ಲಿ ಕಾಟಾದೊಳಗೆ ತೂಕ ಅಳೆಯುವ ಲೋಡ್ ಸೆಲ್ ಬದಲಿಸಿ ಬಿಲ್ ಹರಿದು ಕೊಟ್ಟೆ. ಮಾಲೀಕರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ತಾರೀಖು 2013 ಐತಲ್ರೀ."

"ಸೆಲ್ ಹೋಗೈತ್ರೀ, ತಿದ್ದಿ ಕೊಡ್ತೀನಿ."

"ತಿದ್ದಬ್ಯಾಡ್ರಿ," ಅಂದರು. "ರೇಟೂ 2013ರದ ಹಾಕ್ರಿ, ಈಗ ರೊಕ್ಕ ಕೊಡ್ತೀನಿ."