ಪೆಲ್ಟಿಯರ್ ಪೆಟ್ಟಿಗೆಗೆ ಮೂರು ನಿಯಂತ್ರಕಗಳು: ನಾನು ಉಳಿಸಿಕೊಂಡದ್ದು ಯಾವುದನ್ನು, ಏಕೆ

ಬೀಜಗಳನ್ನು ಮೊಳಕೆಗೆ ಇಡುವ ನನ್ನ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಹಗಲೂ ಇರುಳೂ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ವಿದ್ಯುತ್ ಹರಿಸಿದರೆ ಒಂದು ಮುಖ ತಣ್ಣಗಾಗಿ ಇನ್ನೊಂದು ಬಿಸಿಯಾಗುವ, ದಿಕ್ಕನ್ನು ತಿರುಗಿಸಿದರೆ ತಣ್ಣಗಿದ್ದ ಮುಖವೇ ಬಿಸಿಯಾಗುವ ಪೆಲ್ಟಿಯರ್ ಬಿಲ್ಲೆ ಇದಕ್ಕೆ ತಕ್ಕದ್ದು; ನಾನು ಎಡವಿದ್ದು ಅದರ ನಿಯಂತ್ರಕವನ್ನು ಆರಿಸುವಲ್ಲಿ. 12706 ಎಂಬ ಮಾದರಿಯ ಒಂದೇ ಬಿಲ್ಲೆಗೆ ಮೂರು ಬಗೆಯ ನಿಯಂತ್ರಕಗಳನ್ನು ಜೋಡಿಸಿ ನೋಡಿದ ಮೇಲೆ, ಪ್ರವಾಹವನ್ನು ಕಡಿಯದೆ ಏರಿಳಿಸುವ ನಿಯಂತ್ರಕವನ್ನೇ ಉಳಿಸಿಕೊಂಡಿದ್ದೇನೆ.

ಮೊದಲು ಕೊಂಡದ್ದು ಎಲ್ಲಕ್ಕಿಂತ ಅಗ್ಗದ ರಿಲೇ ಥರ್ಮೋಸ್ಟಾಟ್. ಅದು ಪೂರ್ಣ ಪ್ರವಾಹ ಹರಿಸುತ್ತದೆ, ಪೆಟ್ಟಿಗೆ ತಣಿದೊಡನೆ ಪೂರ್ತಿ ನಿಲ್ಲಿಸುತ್ತದೆ. ಆದರೆ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಒಳಗಿನ ತಾಪ ಮತ್ತೆ ಏರುತ್ತಿತ್ತು, ಬ್ಯಾಟರಿ ಬೆಳಗಿನವರೆಗೆ ಬರುತ್ತಿರಲಿಲ್ಲ. ಥರ್ಮಾಕೋಲ್ ಸಾಲದೆಂದು ಇನ್ನೊಂದು ಪದರ ಹಾಕಿದೆ, ಮುಚ್ಚಳದ ರಬ್ಬರನ್ನೂ ಬದಲಿಸಿದೆ; ಏನೂ ಪ್ರಯೋಜನವಾಗಲಿಲ್ಲ.

ಕೊನೆಗೊಮ್ಮೆ ರಿಲೇ ಆರಿದೊಡನೆ ಒಳಗಿನ ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೈಯಿಟ್ಟೆ. ತಣ್ಣಗಿದ್ದ ತಟ್ಟೆ ನೋಡನೋಡುತ್ತಲೇ ಬೆಚ್ಚಗಾಯಿತು. ಶಾಖವನ್ನು ಗಾಳಿಗೆ ಬಿಡುವ ಹೊರಗಿನ ಬಿಸಿ ಹೀಟ್ ಸಿಂಕಿಗೂ ಆ ತಟ್ಟೆಗೂ ನಡುವೆ ಇರುವುದು ನಾಲ್ಕು ಮಿಲಿಮೀಟರಿಗೂ ತೆಳುವಾದ ಬಿಲ್ಲೆ ಮಾತ್ರ. ಪ್ರವಾಹ ನಿಂತರೆ ಆ ಬಿಲ್ಲೆಯೇ ಶಾಖ ಒಳಬರುವ ದಾರಿಯಾಗುತ್ತದೆ. ಕಷ್ಟಪಟ್ಟು ಹೊರಹಾಕಿದ ಶಾಖವನ್ನು ನಾನೇ ಪ್ರತಿ ಬಾರಿ ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಪದೇ ಪದೇ ಕಾದು ತಣಿಯುವುದರಿಂದ ಬಿಲ್ಲೆಯೊಳಗಿನ ಬೆಸುಗೆಗಳೂ ಸವೆಯುತ್ತವೆ.

ಎರಡನೆಯದು ಪ್ರವಾಹವನ್ನು ಕ್ಷಣಕ್ಷಣವೂ ತುಂಡರಿಸುವ ಪಿಡಬ್ಲ್ಯೂಎಂ ನಿಯಂತ್ರಕ. ತಾಪವೇನೋ ಸ್ಥಿರವಾಯಿತು. ಆದರೆ ಬಿಲ್ಲೆ ಸಾಗಿಸುವ ಶಾಖ ಪ್ರವಾಹದಷ್ಟೇ ಹೆಚ್ಚಿದರೆ, ಅದು ತನ್ನೊಳಗೇ ಹುಟ್ಟಿಸುವ ಶಾಖ ಪ್ರವಾಹದ ವರ್ಗದಷ್ಟು ಹೆಚ್ಚುತ್ತದೆ. ಸುಮಾರು 2 ಓಂ ರೋಧವಿರುವ ಬಿಲ್ಲೆಯಲ್ಲಿ 6 ಆಂಪಿಯರನ್ನು ಅರ್ಧ ಹೊತ್ತು ಹರಿಸಿದರೆ ಸರಾಸರಿ 36 ವ್ಯಾಟ್ ಹುಟ್ಟುತ್ತದೆ. 3 ಆಂಪಿಯರನ್ನು ಎಡೆಬಿಡದೆ ಹರಿಸಿದರೆ 18 ವ್ಯಾಟ್ ಮಾತ್ರ. ಇದರಲ್ಲಿ ಅರ್ಧದಷ್ಟು ತಣ್ಣನೆಯ ಮುಖಕ್ಕೇ ಮರಳುತ್ತದೆ.

ಮೂರನೆಯದು ಇಂಡಕ್ಟರ್ ಮತ್ತು ಕೆಪಾಸಿಟರ್‌ಗಳಿಂದ ಪ್ರವಾಹವನ್ನು ನುಣುಪಾಗಿಸಿ, ದಿಕ್ಕನ್ನೂ ತಾನೇ ಬದಲಿಸುವ ಪಿಐಡಿ ನಿಯಂತ್ರಕ; ತಾಪ ಗುರಿಯಿಂದ ಎಷ್ಟು ದೂರವಿದೆ ಎಂದು ನೋಡುತ್ತ ಪ್ರವಾಹವನ್ನು ಹದಗೊಳಿಸುವುದು ಇದರ ಬಗೆ. ಮೂರರಲ್ಲಿ ಇದೇ ದುಬಾರಿ, ಹೊಂದಿಸಲು ಎರಡು ವಾರಾಂತ್ಯಗಳು ಬೇಕಾದವು. ಬಿಸಿಮಾಡುವಾಗ ಬಿಲ್ಲೆಯ ಸ್ವಂತ ಶಾಖವೂ ಒಳಗೇ ಸೇರುವುದರಿಂದ ಇರುಳಿನ ಖರ್ಚು ಇನ್ನೂ ಕಡಿಮೆ.

ಗೋಡೆಯ ವಿದ್ಯುತ್ತಿನಲ್ಲಿ ಪೆಟ್ಟಿಗೆಯನ್ನು ಅಪರೂಪಕ್ಕೆ ನಡೆಸುವವರಿಗೆ ಎರಡನೆಯದು ಸಾಕು. ನಾನು ಸೌರಫಲಕದ ಬ್ಯಾಟರಿಯನ್ನೇ ನಂಬಿರುವವನು. ಪ್ರವಾಹ ಈಗ ಒಂದೂವರೆ ಆಂಪಿಯರಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಬೆಳಗ್ಗೆ ಎದ್ದಾಗ ಬ್ಯಾಟರಿ ಇನ್ನೂ ಉಳಿದಿರುತ್ತದೆ.